ಕಂಬ ಹೊತ್ತವನು ಯಾವ ಕಡೆಗೆ ಹೊರಟಿದ್ದ

ನಾನು ನಿಂತಿದ್ದದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಪೇಟೆಯ ಹಿಂದಿನ ಬಯಲಿನಲ್ಲಿ ಕಟ್ಟುತ್ತಿದ್ದ ಒಂದು ಗೋದಾಮಿನ ಎದುರು, ಸುಣ್ಣ ಬಳಿದ ಕಲ್ಲೊಂದರ ಮೇಲೆ. ನನ್ನ ಎಡಕ್ಕೆ ನೀರಿನ ತೊಟ್ಟಿ, ಬಲಕ್ಕೆ ಕಂಬ ತುಂಬಿಕೊಳ್ಳಲು ಬಂದು ನಿಂತ ಟ್ರ್ಯಾಕ್ಟರ್, ನೇರ ಮುಂದೆ ಇನ್ನೂ ಬಾಗಿಲು ಕೂಡಿಸದ ಕಟ್ಟಡದ ಬಾಯಿ. ಎರಡು ಸಾವಿರದ ಎಂಟನೆಯ ಇಸವಿ, ಹೋಳಿ ಹುಣ್ಣಿಮೆ ಕಳೆದು ವಾರದ ಮೇಲೆ ಬಂದ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಏಳು ನಿಮಿಷ. ನಿಮಿಷದ ಲೆಕ್ಕ ನನ್ನ ನೆನಪಿನದಲ್ಲ. ಅದು ಫೋಟೋದ ಬಲಮೂಲೆಯಲ್ಲಿ ಹಳದಿ ಅಂಕಿಯಾಗಿ ಬಿದ್ದಿದೆ.

ಆ ಫೋಟೋದಲ್ಲಿ ಒಬ್ಬ ಮನುಷ್ಯ ಹೆಗಲ ಮೇಲೆ ನೀಲಗಿರಿ ಕಂಬ ಹೊತ್ತಿದ್ದಾನೆ. ಅವನು ಸೆಂಟ್ರಿಂಗ್ ಮಿಸ್ತ್ರಿ. ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಕೆಳಗಿನಿಂದ ಹೊತ್ತು ನಿಲ್ಲುವ ಕಂಬ, ಹಲಗೆ, ತಗಡುಗಳ ಚಪ್ಪರ ಕಟ್ಟುವುದು, ಆಮೇಲೆ ಬಿಚ್ಚುವುದು ಅವನ ಕೆಲಸ. ಆಸರೆಗೆ ಕಂಬ ನಿಲ್ಲಿಸುವುದಕ್ಕೆ ಅವರು ಕಂಬ ಕೊಡುವುದು ಎನ್ನುತ್ತಾರೆ. ಆ ಫೋಟೋದ ನಂತರ ಅವನನ್ನು ಯಾರೂ ಜೀವಂತವಾಗಿ ನೋಡಲಿಲ್ಲ. ಫೋಟೋ ನೋಡಿದವರೆಲ್ಲ ಅವನು ಕಂಬ ಕಿತ್ತು ಹೊರಗೆ ತರುತ್ತಿದ್ದಾನೆ ಎನ್ನುತ್ತಾರೆ. ಅವಸರ ಮಾಡಿದ, ಸತ್ತ ಎನ್ನುತ್ತಾರೆ. ಬ್ಯಾಡಗಿಯ ಚಹಾದಂಗಡಿಗಳಲ್ಲಿ ಈಗಲೂ ಆ ಮಾತು ಹಾಗೆಯೇ ಇದೆ. ಅವನು ಹೊರಗೆ ಬರುತ್ತಿರಲಿಲ್ಲ. ಒಳಗೆ ಹೋಗುತ್ತಿದ್ದ. ನಾನು ನೋಡಿದ್ದೇನೆ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಮೋಟೆಬೆನ್ನೂರಿನಲ್ಲಿ ಹೆದ್ದಾರಿಯ ಪಕ್ಕ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಮದುವೆ, ಬಸುರಿಯರ ಕುಬಸ, ಶಾಲೆಯ ಗುಂಪು ಫೋಟೋ, ಪಡಿತರ ಚೀಟಿಯ ಫೋಟೋ. ಡಿಜಿಟಲ್ ಕ್ಯಾಮರಾ ಕೊಂಡ ಮೇಲೆ ಹಾವೇರಿಯ ಒಬ್ಬ ಎಂಜಿನಿಯರು ನನ್ನನ್ನು ಕರೆಸಿದರು. ಅವರಿಗೆ ಆಗ ಮೂರು ಊರುಗಳಲ್ಲಿ ಕೆಲಸ ನಡೆದಿತ್ತು: ಹಾವೇರಿಯಲ್ಲಿ ಅಂಗಡಿಗಳ ಸಾಲು, ರಾಣೆಬೆನ್ನೂರಿನಲ್ಲಿ ಬೀಜ ಸಂಸ್ಕರಿಸುವ ಕಟ್ಟಡ, ಬ್ಯಾಡಗಿಯಲ್ಲಿ ಈ ಗೋದಾಮು. ಮೊದಲು ಅವರೇ ಮೋಟರ್‌ಸೈಕಲ್ಲಿನಲ್ಲಿ ದಿನ ಬಿಟ್ಟು ದಿನ ಮೂರೂ ಕಡೆ ಓಡಾಡುತ್ತಿದ್ದರಂತೆ. ಹೊಸ ಸ್ಲ್ಯಾಬಿನ ಅಂಚಿಗೆ ಬೀಗದ ಕೈಯಿಂದ ಬಡಿದು, ಗಟ್ಟಿಯಾಗಿದೆಯೇ ಎಂದು ಕಿವಿಗೊಟ್ಟು ಕೇಳಿ ಹೋಗುವುದು ಅವರ ರೂಢಿ ಎಂದು ಮಿಸ್ತ್ರಿ ನನಗೆ ಹೇಳಿದ್ದ. ಒಮ್ಮೆ ಅವರು ಬರಲಾಗದ ವಾರದಲ್ಲಿ, ಪಾಯ ಮುಗಿಯಿತು ಎಂದು ಯಾರೋ ಫೋನಿನಲ್ಲಿ ಸುಳ್ಳು ಹೇಳಿದ್ದರು. ಅದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

‘ಮನಶ್ಯಾ ಸುಳ್ಳ ಹೇಳತಾನ್ರೀ. ಫೋಟೋ ಹೇಳೂದಿಲ್ಲ. ನನಗ ಎರಡ ಬೇಕು. ಎಲ್ಲಿ ತಗದೀರಿ, ಯಾವಾಗ ತಗದೀರಿ. ಉಳದದ್ದು ನಾ ನೋಡ್ಕೋತೇನಿ.’

ಯಾವಾಗ ಎಂಬುದನ್ನು ಕ್ಯಾಮರಾ ತಾನೇ ಬರೆಯುತ್ತಿತ್ತು. ಎಲ್ಲಿ ಎಂಬುದಕ್ಕೆ ಅವರು ಅಂಗೈಯಗಲದ ಒಂದು ಯಂತ್ರ ಕೊಟ್ಟರು. ಅದನ್ನು ಆಕಾಶಕ್ಕೆ ಹಿಡಿದು ಸ್ವಲ್ಪ ಹೊತ್ತು ನಿಂತರೆ, ಹದಿನಾಲ್ಕರಿಂದ ಶುರುವಾಗುವ ಒಂದು ಸಂಖ್ಯೆ, ಎಪ್ಪತ್ತೈದರಿಂದ ಶುರುವಾಗುವ ಇನ್ನೊಂದು ಸಂಖ್ಯೆ ಮೂಡುತ್ತಿದ್ದವು. ಭೂಮಿಯ ಮೇಲೆ ನಾವು ನಿಂತ ಜಾಗ ಅದು. ಎಡಗೈಯಲ್ಲಿ ಯಂತ್ರವನ್ನು ಮುಂದೆ ಚಾಚಿ, ಅದರ ಪರದೆಯೂ ಹಿಂದಿನ ಕಟ್ಟಡವೂ ಒಂದೇ ಚಿತ್ರದಲ್ಲಿ ಬರುವಂತೆ ಬಲಗೈಯಿಂದ ಫೋಟೋ ಒತ್ತಬೇಕು. ಪ್ರತಿ ಸಲವೂ ಒಂದೇ ಜಾಗದಿಂದ ತೆಗೆಯಬೇಕೆಂದು ಮೂರೂ ಕಡೆ ಒಂದೊಂದು ಕಲ್ಲು ನೆಟ್ಟು ಸುಣ್ಣ ಬಳಿದೆವು. ಒಂದೊಂದು ಹಂತಕ್ಕೆ ಒಂದೊಂದು ಫೋಟೋ. ಪಾಯಕ್ಕೆ ಒಂದು, ಕಟ್ಟಡದ ಕಾಂಕ್ರೀಟು ಕಂಬಕ್ಕೆ ಒಂದು, ಸ್ಲ್ಯಾಬಿಗೆ ಒಂದು. ಅವು ಹಾವೇರಿಯ ಆಫೀಸಿನ ಗೋಡೆಯ ಮೇಲೆ ಊರಿನ ಪ್ರಕಾರ ಮೂರು ಸಾಲಾಗಿ ಏರುತ್ತಿದ್ದವು. ಗೋಡೆ ನೋಡಿಯೇ ಅವರು ಮುಂದಿನ ಕೆಲಸ ಹೇಳುತ್ತಿದ್ದರು. ಬರಬರುತ್ತ ಮೋಟರ್‌ಸೈಕಲ್ ನಿಂತಲ್ಲೇ ನಿಂತಿತು.

ಮಿಸ್ತ್ರಿ ರಾಣೆಬೆನ್ನೂರಿನವನು, ಹೆಚ್ಚುಕಡಿಮೆ ನನ್ನ ವಾರಗೆಯವನು. ಮೂರೂ ಕಡೆಯ ಸೆಂಟ್ರಿಂಗ್ ಅವನದೇ. ನಾನು ಯಂತ್ರ ಎತ್ತಿ ನಿಂತಾಗಲೆಲ್ಲ ಅವನಿಗೆ ನಗು.

‘ಏನ್ರಿ ಫೋಟೋ ಸಾಹೇಬ್ರ, ಸಿಕ್ಕವೇನ್ರಿ ಗ್ರಹಾ? ನಮ್ಮ ಹುಡಿಗೀ ಲಗ್ನಾ ಯಾವಾಗ ಅಂತ ಕೇಳ್ರಿ ಹಂಗ.’

‘ಸುಮ್ಮ ನಿಂದ್ರೋ. ಮ್ಯಾಲಿಂದ ನೋಡಾಕತ್ತಾರ.’

‘ಏನ ಕಾಣಬೇಕ್ರಿ ಅವರಿಗೆ? ಬ್ಯಾಡಗಿ ಅಂದ್ರ ಮ್ಯಾಲಿಂದ ಬರೇ ಕೆಂಪ ಕಾಣತೈತಿ.’

ಅದು ಖರೆ. ಆ ತಿಂಗಳುಗಳಲ್ಲಿ ಪೇಟೆಯ ಸುತ್ತಲಿನ ಬಯಲೆಲ್ಲ ಒಣಹಾಕಿದ ಮೆಣಸಿನಕಾಯಿಯೇ. ಗಾಳಿ ತಿರುಗಿದರೆ ಯಂತ್ರ ಹಿಡಿದ ಕೈ ಸೀನಿನಿಂದ ನಡುಗುತ್ತಿತ್ತು.

ಗೋದಾಮಿನ ಮಾಲೀಕರ ಮನೆಯಲ್ಲಿ ಹಿರಿಯರೊಬ್ಬರಿದ್ದರು, ಮಾಲೀಕರ ತಂದೆ. ಶಿವರಾತ್ರಿ ಅಮಾವಾಸ್ಯೆಗೆ ಮುಂಚೆ ಸ್ಲ್ಯಾಬು ಬೀಳಲೇಬೇಕು ಎಂದು ಅವರ ಹಟ. ಅಮಾವಾಸ್ಯೆಯ ಹಿಂದಿನ ಬುಧವಾರ ಅವರೇ ಮುಹೂರ್ತ ಹಿಡಿದರು. ನಮ್ಮ ಕಡೆ ಸ್ಲ್ಯಾಬಿಗೆ ಪೂಜೆ ಮಾಡುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಈಶಾನ್ಯ ಮೂಲೆಗೆ ಅರಿಷಿಣ, ಕುಂಕುಮ, ಹೂವು ಇಟ್ಟು, ಕಾಯಿ ಒಡೆದು, ಮನೆಯ ಹಿರಿಯರ ಕೈಯಿಂದ ಐದು ಬುಟ್ಟಿ ಕಾಂಕ್ರೀಟು ಸುರಿಸುತ್ತಾರೆ. ಸುರಿದ ಗಳಿಗೆಯೇ ಸ್ಲ್ಯಾಬು ಹಾಕಿದ ಗಳಿಗೆ. ಮಿಕ್ಕದ್ದನ್ನು ಗಾರೆ ಕೆಲಸದ ಗೌಂಡಿಗಳು ಆಮೇಲೆ ಮುಂದುವರಿಸುತ್ತಾರೆ. ಸಾಮಾನ್ಯವಾಗಿ ಅದೇ ಗಂಟೆಯಲ್ಲಿ, ಅದೇ ದಿನ.

ಆ ಬುಧವಾರ ಮಿಕ್ಸರ್ ಗುಡುಗುಟ್ಟುತ್ತಿತ್ತು. ಗೌಂಡಿಗಳು ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ನಿಂತಿದ್ದರು. ನಾನು ಆವತ್ತು ಕಲ್ಲು ಬಿಟ್ಟು ಏಣಿ ಹತ್ತಿದ್ದೆ, ಏಕೆಂದರೆ ಹಿರಿಯರ ಮುಖ ಬರಬೇಕೆಂದು ಮಾಲೀಕರು ಹೇಳಿದ್ದರು. ಹಿರಿಯರು ಯಂತ್ರವನ್ನು ಕಣ್ಣು ಕಿರಿದು ಮಾಡಿ ನೋಡಿದರು.

‘ಇದರಾಗ ರಾಹುಕಾಲ ಬರತೈತೇನೋ ತಮ್ಮಾ?’

‘ಇಲ್ರೀ ಅಜ್ಜಾರ. ಜಾಗಾ ಅಷ್ಟ ಬರತೈತಿ.’

‘ಜಾಗಾ ನನಗ ಗೊತ್ತೈತಲ್ಲೋ, ನಂದ ಜಾಗಾ!’

ಎಲ್ಲರೂ ನಕ್ಕರು. ಆ ನಗುವಿನಲ್ಲೇ ಫೋಟೋ ಬಿತ್ತು. ಹಿರಿಯರ ಕೈ, ಬುಟ್ಟಿ, ಹೊಸ ಕಾಂಕ್ರೀಟಿನ ಮೇಲೆ ಚೆಂಡುಹೂವು, ಯಂತ್ರದ ಎರಡು ಸಂಖ್ಯೆ, ಮೂಲೆಯಲ್ಲಿ ತಾರೀಕು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ.

ಪೂಜೆ ಮುಗಿದ ಕೂಡಲೇ ನಾನು ಹೊರಟೆ. ಮಿಸ್ತ್ರಿಗೆ ರಾಣೆಬೆನ್ನೂರಿನ ಕೆಲಸಕ್ಕೆ ಹೋಗಬೇಕಿತ್ತು. ನನ್ನ ಗಾಡಿಯ ಮೇಲೆ ಹಿಂದೆ ಕೂತು ಮೋಟೆಬೆನ್ನೂರಿಗೆ ಬಂದ. ಅಲ್ಲಿ ಹೆದ್ದಾರಿಯಲ್ಲಿ ಬಸ್ಸು ಹತ್ತಿಸಿದೆ. ನಾವಿಬ್ಬರೂ ಬೆನ್ನು ತಿರುಗಿಸಿದ್ದು ಮಿಕ್ಸರಿನ ಸದ್ದು ಕೇಳುತ್ತಿದ್ದಾಗ. ಸದ್ದು ಯಾವಾಗ ನಿಂತಿತು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಅದು ಬಹಳ ಹೊತ್ತು ನಡೆದಿರಲಿಲ್ಲ. ಐದು ಬುಟ್ಟಿ ಆದ ಮೇಲೆ ಎಂಜಿನ್ನು ಕೆಟ್ಟಿತು. ಬಿಡಿಭಾಗ ಹುಬ್ಬಳ್ಳಿಯಿಂದ ಬರಬೇಕಿತ್ತು. ಗೌಂಡಿಗಳು ಹೇಗೂ ಅಮಾವಾಸ್ಯೆಗೆ ಊರಿಗೆ ಹೊರಟವರು, ಹೊರಟೇಬಿಟ್ಟರು. ಹೋದವರು ಹೋಳಿಯ ಬಣ್ಣ ಮುಗಿಸಿಕೊಂಡೇ ಬಂದರು. ಬಂದ ಸೋಮವಾರ ಒಂದೇ ದಿನದಲ್ಲಿ ಇಡೀ ಸ್ಲ್ಯಾಬು ಹಾಕಿ ಬೇರೆ ಊರಿನ ಕೆಲಸಕ್ಕೆ ಹೋದರು. ಆ ಸೋಮವಾರ ನಾನು ಕ್ಯಾಮರಾ ಹಿಡಿದುಕೊಂಡು ರಾಣೆಬೆನ್ನೂರಿನ ಕಲ್ಲಿನ ಮೇಲೆ ನಿಂತಿದ್ದೆ. ಮಿಸ್ತ್ರಿಯೂ ಅಲ್ಲೇ ಇದ್ದ. ನನ್ನನ್ನು ಬ್ಯಾಡಗಿಗೆ ಯಾರೂ ಕರೆಯಲಿಲ್ಲ. ಸ್ಲ್ಯಾಬಿನ ಫೋಟೋ ಆಗಲೇ ಹಾವೇರಿಯ ಗೋಡೆ ಮೇಲಿತ್ತು. ಮಾಲೀಕರ ಮನೆಯವರ ಲೆಕ್ಕದಲ್ಲಿಯೂ ಸ್ಲ್ಯಾಬು ಮುಹೂರ್ತದಲ್ಲಿ ಬಿದ್ದದ್ದೇ. ಅವರು ಯಾರಿಂದಲೂ ಏನನ್ನೂ ಮುಚ್ಚಿಡಲಿಲ್ಲ. ಹೇಳಬೇಕಾದದ್ದು ಒಂದಿದೆ ಎಂದು ಅವರಿಗೆ ಅನ್ನಿಸಿರಲಿಲ್ಲ.

ಹಾವೇರಿಯಲ್ಲಿ ಎಂಜಿನಿಯರು ಗೋಡೆಯ ಮುಂದೆ ನಿಂತು ಎಣಿಸಿದರು. ಅಷ್ಟು ಅಗಲದ ಸ್ಲ್ಯಾಬಿಗೆ, ಅದರ ತೊಲೆಗಳಿಗೆ, ಮೂರು ವಾರ ಆಸರೆ ಬೇಕು. ಅವರು ಮೂರು ವಾರದ ಮೇಲೆಯೂ ಒಂದೆರಡು ದಿನ ಬಿಟ್ಟರು. ಅವಸರದ ಮನುಷ್ಯ ಅಲ್ಲ ಅವರು, ಅದನ್ನೂ ನಾನು ಹೇಳಲೇಬೇಕು. ಶುಕ್ರವಾರ ನಾನು ಆಫೀಸಿನಲ್ಲಿದ್ದಾಗಲೇ ರಾಣೆಬೆನ್ನೂರಿಗೆ ಫೋನು ಮಾಡಿ ಮಿಸ್ತ್ರಿಯನ್ನು ಕರೆಸಿ ಮಾತಾಡಿದರು.

‘ಬ್ಯಾಡಗೀದು ಬಿಚ್ಚಿ ಕಂಬ ಎಲ್ಲಾ ರಾಣೆಬೆನ್ನೂರಿಗೆ ತಗೊಂಡ ಬಾ. ಇಲ್ಲೋ ಮಾರಾಯಾ, ಮೂರ ವಾರ ಆಗೇತಿ. ಫೋಟೋ ನನ್ನ ಕಣ್ಣಮುಂದನ ಐತಿ.’

ಫೋನಿಟ್ಟು ನನಗೆ ಹೇಳಿದರು, ‘ನಾಳೆ ನೀವೂ ಹೋಗ್ರಿ. ಬಿಚ್ಚೂಮುಂದ ಒಂದು, ಬಿಚ್ಚಿದ ಮ್ಯಾಲ ಒಂದು.’

ಶನಿವಾರ ನಾನು ಮುಟ್ಟುವ ಹೊತ್ತಿಗೆ ಮಿಸ್ತ್ರಿ ಇಬ್ಬರು ಆಳುಗಳೊಂದಿಗೆ ಕೆಲಸ ಶುರು ಮಾಡಿಬಿಟ್ಟಿದ್ದ. ಒಬ್ಬ ವಯಸ್ಸಾದವನು, ಇನ್ನೊಬ್ಬ ಕರ್ಜಗಿಯವನು, ಮಾತು ಕಡಿಮೆ. ನಡುವಿನ ಸಾಲಿನ ಕಂಬಗಳು ಆಗಲೇ ಟ್ರ್ಯಾಕ್ಟರಿನ ಮೇಲಿದ್ದವು. ಟ್ರ್ಯಾಕ್ಟರಿನವನು ಕಾವಲುಗಾರನ ಜೊತೆ ಚಹಾಕ್ಕೆ ಹೋಗಿದ್ದ. ಅವತ್ತು ಪೇಟೆಯ ದಿನ ಅಲ್ಲ, ಬಯಲು ಮೌನವಾಗಿತ್ತು. ಒಳಗೆ ಎಲ್ಲಿಯೋ ನೀರು ತೊಟ್ಟಿಕ್ಕುವ ಸದ್ದು ಹೊರಗಿನ ತನಕ ಕೇಳುತ್ತಿತ್ತು.

‘ನೀರ ಹನೀತೈತಲ್ಲೋ,’ ಅಂದೆ.

‘ಈ ತಂಗಿ ಭಾಳ ಪ್ರೀತಿಲೆ ನೀರ ಹಾಕ್ಯಾಳ್ರಿ. ಸ್ಲ್ಯಾಬ ಅಲ್ಲ, ಕೆರಿ ಮಾಡ್ಯಾಳ.’ ಅವನು ಮೇಲೆ ಬೊಟ್ಟು ಮಾಡಿ ತೋರಿಸಿದ. ಕಾವಲುಗಾರನ ಹೆಂಡತಿ ಸ್ಲ್ಯಾಬಿನ ಮೇಲೆ ಕೊಡದಿಂದ ನೀರು ಸುರಿಯುತ್ತಿದ್ದಳು. ಕಾಂಕ್ರೀಟು ಒಣಗಿ ಬಿರಿಯದಂತೆ ನೀರು ಕಟ್ಟಿ ನಿಲ್ಲಿಸುವುದು ಅವಳ ಕೆಲಸ.

ಅವನ ಹಿಂದೆ ನಾನೂ ಒಳಗೆ ಹೋದೆ. ಒಂದು ತಗಡು ಇಳಿಸಿದಾಗ ಅದರ ಹಿಂದಿನ ಕಾಂಕ್ರೀಟು ಕಪ್ಪಾಗಿ ಕಂಡಿತು. ವಯಸ್ಸಾದ ಆಳು ಅದಕ್ಕೆ ಬೆರಳು ಒತ್ತಿ, ಬೆರಳನ್ನು ನೋಡಿಕೊಂಡ. ಮಿಸ್ತ್ರಿ ಕೂಡ ಅದನ್ನು ಒಂದು ಕ್ಷಣ ನೋಡಿದ. ‘ನೀರಿಗೆ ಕರ್ರಗಾಗೇತಿ,’ ಅಂದ. ಹಾಗೆ ಅಂದಾಗ ಅವನ ಮುಖದಲ್ಲಿ ನಗು ಇರಲಿಲ್ಲ.

ನಾನು ಹೊರಗೆ ಬಂದು ಕಲ್ಲಿನ ಮೇಲೆ ನಿಂತು ಯಂತ್ರ ಎತ್ತಿದೆ. ಸಂಖ್ಯೆ ಮೂಡಲು ಅವತ್ತು ತಡವಾಯಿತು. ಅಷ್ಟರಲ್ಲಿ ಅವಳು ಖಾಲಿ ಕೊಡ ಹಿಡಿದು ಏಣಿ ಇಳಿದು ತೊಟ್ಟಿಯ ಹತ್ತಿರ ಬಂದಳು.

‘ಯಾಕಣ್ಣಾ, ಇಷ್ಟ ಲಗೂ ಕಂಬ ಕೀಳಾಕತ್ತಾರ?’

‘ಎಲ್ಲೀ ಲಗೂನವ್ವಾ? ಮೂರ ವಾರ ಮ್ಯಾಲಾತು.’

‘ಯಾವುದಕ್ಕ ಮೂರ ವಾರ? ಮೊನ್ನೆ ಸ್ವಾಮಾರ ಹಾಕ್ಯಾರ. ಅವತ್ತಿಂದ ನನ್ನ ನಡಾ ಬಿದ್ದ ಹೋಗೇತಿ.’

‘ಅಮಾಸಿ ಮುಂದ ಹಾಕಿದ್ದಲ್ಲಾ? ನಾನ ಫೋಟೋ ತಗದೇನಿ.’

ಅವಳಿಗೆ ನಗು ಬಂತು. ‘ಅದು ಪೂಜಿ ಅಲ್ಲೇನೋ ಯಣ್ಣಾ! ಐದ ಬುಟ್ಟಿ. ನೀವ ಆ ಕಡೆ ಹ್ವಾದ್ರಿ, ಈ ಕಡೆ ಮಷೀನ ಕೆಡ್ತು.’

ಅವಳ ನಗು ನನ್ನ ಮುಖ ನೋಡಿ ನಿಂತಿತು. ನಾನು ಕೂಗಿದೆ. ಏನೆಂದು ಕೂಗಿದೆ ಎಂದು ನನಗೆ ಸರಿಯಾಗಿ ನೆನಪಿಲ್ಲ. ‘ಹೊರಗ ಬರ್ರೀ’ ಎಂದಷ್ಟೇ ಎಂದು ಅವಳು ಹೇಳುತ್ತಾಳೆ. ಮೂವರೂ ಹೊರಗೆ ಬಂದರು. ಈ ಮಾತನ್ನು ನಾನು ಮತ್ತೆ ಹೇಳುತ್ತೇನೆ. ಮೂವರೂ ಹೊರಗೆ ಬಂದಿದ್ದರು. ಮಿಸ್ತ್ರಿ ಬಿಸಿಲಿನಲ್ಲಿ ನಿಂತಿದ್ದ, ಕೈಗಳಿಂದ ಧೂಳು ಒರೆಸಿಕೊಳ್ಳುತ್ತ.

‘ಸ್ವಾಮಾರ ಹಾಕಿದ್ದಂತೋ. ನಾವು ನೋಡಿದ್ದು ಐದ ಬುಟ್ಟಿ ಅಷ್ಟ.’

ಅವನು ನನ್ನನ್ನು ನೋಡಿದ, ಅವಳನ್ನು ನೋಡಿದ. ‘ಸ್ವಾಮಾರಾ?’ ಅಂದ. ಆಮೇಲೆ ತಿರುಗಿ ಕಟ್ಟಡದ ಒಳಗೆ, ಕಂಬ ಇಲ್ಲದ ನಡುವಿನ ಸಾಲನ್ನು ನೋಡಿದ. ಬದಿಯ ಕಂಬಗಳು ಇನ್ನೂ ನಿಂತಿದ್ದವು. ಒಳಗೆ ನೀರು ತೊಟ್ಟಿಕ್ಕುತ್ತಲೇ ಇತ್ತು.

‘ಸಾಹೇಬ್ರಿಗೆ ಫೋನ ಮಾಡ್ತೇನಿ ತಡಿ,’ ಅಂದೆ.

‘ಅವರು ಹಾವೇರ್ಯಾಗದಾರ. ಸ್ಲ್ಯಾಬ ಇಲ್ಲೈತಿ.’ ಅವನು ಟ್ರ್ಯಾಕ್ಟರಿನ ಹತ್ತಿರ ಹೋಗಿ ಒಂದು ಕಂಬ ಎಳೆದು ಹೆಗಲಿಗೇರಿಸಿದ. ಕರ್ಜಗಿಯವನು ಇನ್ನೊಂದಕ್ಕೆ ಕೈ ಹಾಕಿದ.

‘ನೀ ಬರಬ್ಯಾಡ. ನಿಂದ್ರ ಅಲ್ಲೇ. ನಾನ ಕಿತ್ತೇನಿ, ನಾನ ಕೊಡತೇನಿ. ನಡಬರಕ ನಾಕ ಕಂಬ ನಿಂತ್ರ ಸಾಕು.’

‘ಬ್ಯಾಡೋ,’ ಅಂದ ವಯಸ್ಸಾದವನು. ಅದೊಂದೇ ಮಾತು.

ಮಿಸ್ತ್ರಿ ಓಡಲಿಲ್ಲ. ಉದ್ದನೆಯ ಕಂಬ ಹೊತ್ತವನು ನಡೆಯುವ ಹಾಗೆ, ಮೊಣಕಾಲು ಸ್ವಲ್ಪ ಬಾಗಿಸಿ ನಡೆದು ಕಟ್ಟಡದ ಬಾಯಿಯೊಳಗೆ ಹೋದ. ನಾನು ಕಲ್ಲಿನ ಮೇಲೆಯೇ ಇದ್ದೆ. ಎಡಗೈ ಯಂತ್ರ ಹಿಡಿದು ಚಾಚಿಕೊಂಡೇ ಇತ್ತು. ಬಲಗೈ ಒತ್ತಿತು. ಆ ಕಲ್ಲಿನ ಮೇಲೆ ನಿಂತಾಗ ಒತ್ತುವುದು ಕೈಗೆ ರೂಢಿಯಾಗಿತ್ತು, ಅದಕ್ಕಿಂತ ಬೇರೆ ಕಾರಣ ನನಗೆ ಸಿಕ್ಕಿಲ್ಲ.

ಆಮೇಲೆ ಒಂದು ಸದ್ದು ಬಂತು. ದೊಡ್ಡದಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಹಾಕಿದಂಥ ಸದ್ದು. ನಡುವಿನ ಸ್ಲ್ಯಾಬು ಒಮ್ಮೆ ಜೋತು, ಜೋತಲ್ಲಿಂದ ಇಳಿಯಿತು. ಮೇಲೆ ಕಟ್ಟಿದ್ದ ನೀರೆಲ್ಲ ಒಂದೇ ಸಲ ಒಳಗೆ ಸುರಿಯಿತು, ಹಾಗಾಗಿ ಧೂಳು ಕೂಡ ಏಳಲಿಲ್ಲ. ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ಮಾತ್ರ ಕಾಣಲಿಲ್ಲ.

ಪೇಟೆಯ ಹಮಾಲರು ಹಾರೆ, ಸರಳು ಹಿಡಿದು ಓಡಿ ಬಂದರು. ಅವನನ್ನು ತೆಗೆಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಈಶಾನ್ಯ ಮೂಲೆ ಬಿದ್ದಿರಲಿಲ್ಲ. ಅಲ್ಲಿ ಅರಿಷಿಣದ ಕಲೆ ಹಾಗೆಯೇ ಇತ್ತು.

ಮರುದಿನ ಹಾವೇರಿಯಲ್ಲಿ ಎಂಜಿನಿಯರು ಆ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರು. ಕಟ್ಟಡದ ಹಿಂದಿನ ಬಯಲಿನ ಬೆಳಕಿಗೆ ಮಿಸ್ತ್ರಿ ಬರೀ ಕಪ್ಪು ಆಕೃತಿ. ಹೆಗಲು, ಕಂಬ, ಬಾಗಿದ ಮೊಣಕಾಲು. ಮುಖವೋ ಬೆನ್ನೋ ತಿಳಿಯುವುದಿಲ್ಲ.

‘ಕಂಬ ಹೊರಗ ತರಾಕತ್ತಾನ,’ ಅಂದರು.

‘ಇಲ್ರಿ ಸರ್. ಒಳಗ ಒಯ್ಯಾಕತ್ತಾನ. ತಿರುಗಿ ಕೊಡಾಕ.’

‘ಫೋಟೋದಾಗ ಹಂಗ ಕಾಣೂದಿಲ್ಲಲ್ಲಾ.’

‘ಫೋಟೋದಾಗ ಅದು ಹ್ಯಾಂಗ ಕಾಣಬೇಕ್ರಿ?’

ಅವರು ಫೋಟೋವನ್ನು ಇನ್ನಷ್ಟು ದೊಡ್ಡದು ಮಾಡಿದರು. ವಿಚಾರಣೆಗೆ ಬಂದವರಿಗೂ ನಾನು ಅದನ್ನೇ ಹೇಳಿದೆ. ಬರೆದುಕೊಂಡರು. ಫೋಟೋ ಖರೆ ಹೌದೋ ಅಲ್ಲವೋ ಎಂದು ಕೇಳಿದರು. ಖರೆ ಅಂದೆ. ಸ್ಲ್ಯಾಬಿನ ಪೂಜೆಯ ಫೋಟೋ ಖರೆ ಹೌದೋ ಅಲ್ಲವೋ ಎಂದರು. ಅದೂ ಖರೆ. ಬಿಚ್ಚು ಎಂದ ಮಾತು ಫೋನಿನಲ್ಲಿ ಬಂದದ್ದು, ಅದಕ್ಕೆ ಫೋಟೋ ಇರಲಿಲ್ಲ. ಹೀಗೆ ಎರಡು ಖರೆ ಫೋಟೋಗಳ ನಡುವೆ, ಮಿಸ್ತ್ರಿ ತನ್ನ ಅವಸರಕ್ಕೆ ತಾನೇ ಸತ್ತವನಾದ.

ಯುಗಾದಿ ಕಳೆದ ಮೇಲೆ ರಾಣೆಬೆನ್ನೂರಿಗೆ ಅವನ ಮನೆಗೆ ಹೋದೆ. ಅವನ ಹೆಂಡತಿ ಚಾಪೆ ಹಾಸಿದಳು. ಯಾರೋ ಕೊಟ್ಟ ಆ ಫೋಟೋದ ಪ್ರತಿ ಅವಳ ಹತ್ತಿರವೂ ಇತ್ತು. ಅದನ್ನು ನನ್ನ ಮುಂದಿಟ್ಟಳು.

‘ಖರೇ ಹೇಳ್ರಿ ಅಣ್ಣಾರ. ಯಾವ ಕಡೆ ಹೊಂಟಿದ್ರು?’

‘ಒಳಗ ಹೊಂಟಿದ್ದವ್ವಾ.’

ಅವಳು ಫೋಟೋವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ‘ಮಂದಿ ಏನರ ಅನ್ನಲಿ, ಹೊರಗ ಬರಾಕತ್ತಿದ್ರು ಅಂತ ಅನಕೊಂಡಿದ್ದೆ ನಾ,’ ಅಂದಳು. ‘ಇನ್ನೊಂದ ಚೂರಾಗಿದ್ರ ಮನಿಗೆ ಬರ್ತಿದ್ರು ಅಂತ.’

ಫೋಟೋ ಕೆಳಗಿಟ್ಟು ಅವಳೇ ಮತ್ತೆ ಕೇಳಿದಳು.

‘ನಿಮಗಷ್ಟ ಗೊತ್ತೇನ್ರಿ ಇದು?’

‘ಇಲ್ಲವ್ವಾ. ಇನ್ನೂ ಮೂವರ ನೋಡ್ಯಾರ.’

‘ಹಂಗಾದ್ರ ನೀವು ಇರೂ ಮಟಾ ಹೇಳ್ರಿ. ನನ್ನ ಸಂಬಂಧ ಸುಳ್ಳ ಹೇಳಬ್ಯಾಡ್ರಿ.’

ಆ ಕೆಲಸ ನಾನು ಮತ್ತೆ ಮಾಡಲಿಲ್ಲ. ಯಂತ್ರ ವಾಪಸು ಕೊಟ್ಟೆ. ಗೋದಾಮು ಆಮೇಲೆ ಎದ್ದಿತು, ಈಗಲೂ ಅದರಲ್ಲಿ ಚೀಲ ತುಂಬಿರುತ್ತವೆ. ಸುಣ್ಣದ ಕಲ್ಲನ್ನು ಯಾರೋ ಕಿತ್ತು ಗೇಟಿಗೆ ಆನಿಸಿದ್ದಾರೆ.

ಅವತ್ತು ನೋಡಿದವರು ನಾವು ನಾಲ್ವರು. ವಯಸ್ಸಾದ ಆಳು, ‘ಬ್ಯಾಡೋ’ ಅಂದವನು, ಮೂರು ವರ್ಷದ ಮೇಲೆ ಕಾಯಿಲೆಯಿಂದ ತೀರಿಕೊಂಡ. ಉಳಿದವರು ಇದ್ದೇವೆ. ಇನ್ನೊಂದು ಕಂಬಕ್ಕೆ ಕೈ ಹಾಕಿದ್ದ ಕರ್ಜಗಿಯವನು ಇದ್ದಾನೆ, ತನ್ನ ಊರಿನಲ್ಲೇ ಒಕ್ಕಲುತನ ಮಾಡುತ್ತಾನೆ, ಕೇಳಿದರೆ ಹೇಳುತ್ತಾನೆ, ಕೇಳದಿದ್ದರೆ ಇಲ್ಲ. ಕಾವಲುಗಾರನ ಹೆಂಡತಿ ಇದ್ದಾಳೆ, ಹಾವೇರಿ ಸ್ಟೇಷನ್ನಿನ ಹತ್ತಿರ ಮಗಳ ಮನೆಯಲ್ಲಿ, ‘ನಾನ ಕಿತ್ತೇನಿ, ನಾನ ಕೊಡತೇನಿ’ ಎಂಬ ಮಾತು ಅವಳಿಗೂ ನೆನಪಿದೆ. ಮತ್ತೆ ಮೋಟೆಬೆನ್ನೂರಿನಲ್ಲಿ ನಾನು.